ವಾರಂಟಿ ಮುಗಿದ ಲ್ಯಾಪ್‌ಟಾಪ್, ಕೈಗೆ ಬಂದ ದೊಡ್ಡ ರಿಪೇರಿ ಬಿಲ್: ಪ್ರಶ್ನಿಸುವುದು ಹೇಗೆ?

ಒಂದು ಲೆಕ್ಕ ನೋಡೋಣ. 46,000 ರೂಪಾಯಿ ಕೊಟ್ಟು ಕೊಂಡ ಲ್ಯಾಪ್‌ಟಾಪ್. ಒಂದು ವರ್ಷದ ವಾರಂಟಿ. ಹದಿನಾಲ್ಕನೇ ತಿಂಗಳಲ್ಲಿ ಆನ್ ಆಗುವುದೇ ನಿಂತಿತು. ಸರ್ವಿಸ್ ಸೆಂಟರಿನವರು ಹೇಳುತ್ತಾರೆ: "ಮದರ್‌ಬೋರ್ಡ್ ಹೋಗಿದೆ ಸಾರ್, ವಾರಂಟಿ ಇಲ್ಲ, ಇಪ್ಪತ್ತೆಂಟು ಸಾವಿರ ಆಗುತ್ತೆ, ಜಿಎಸ್‌ಟಿ ಬೇರೆ." 18% ಜಿಎಸ್‌ಟಿ ಸೇರಿದರೆ 33,040 ರೂಪಾಯಿ. ಇನ್ನು ಸ್ವಲ್ಪ ಹಾಕಿದರೆ ಹೊಸದೇ ಬರುತ್ತದೆ, ಅಲ್ವಾ?

ಇಂಥ ಹೊತ್ತಲ್ಲಿ ಬಹಳ ಜನ "ವಾರಂಟಿ ಮುಗಿದಿದೆ" ಎಂಬ ಮಾತಿಗೇ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. ವಾರಂಟಿ ಎಂದರೆ ಕಂಪನಿ ತಾನಾಗಿ ಕೊಟ್ಟ ಭರವಸೆ. ಅದರ ಅವಧಿ ಮುಗಿದರೂ ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಕೊಟ್ಟಿರುವ ಹಕ್ಕುಗಳು ಹಾಗೇ ಇರುತ್ತವೆ. ಈ ಕಾಯ್ದೆಯ ಬಹುಪಾಲು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಮಾಲಿನಲ್ಲಿರುವ ದೋಷವನ್ನೂ ಸೇವೆಯಲ್ಲಿ ಆಗುವ ಲೋಪವನ್ನೂ ಅದು ಬೇರೆಬೇರೆಯಾಗಿ ನೋಡುತ್ತದೆ. ನೀವು ರಿಪೇರಿಗೆ ದುಡ್ಡು ಕೊಟ್ಟ ಕೂಡಲೇ ಆ ಅಂಗಡಿಯ ಸೇವೆಗೆ ಗ್ರಾಹಕರಾಗುತ್ತೀರಿ. ಲ್ಯಾಪ್‌ಟಾಪ್ ಎಷ್ಟು ಹಳೆಯದು ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಿಂದ ಅಣ್ಣ ತಂದುಕೊಟ್ಟ ಲ್ಯಾಪ್‌ಟಾಪ್ ಆದರೂ ಅಷ್ಟೇ. ಮಾರಿದವನನ್ನು ಇಲ್ಲಿ ಕೂತು ಕೇಳುವುದು ಕಷ್ಟ, ಆದರೆ ಇಲ್ಲಿ ರಿಪೇರಿ ಮಾಡಿದವನನ್ನು ಕೇಳಬಹುದು.

ಜಗಳ ಯಾವುದರ ಬಗ್ಗೆ?

ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ. ಇಲ್ಲೇ ಎಡವಿದರೆ ಮುಂದೆ ಬರೆಯುವ ಪತ್ರವೆಲ್ಲ ದಾರಿ ತಪ್ಪುತ್ತದೆ.

"ಬೆಲೆ ತುಂಬಾ ಜಾಸ್ತಿ" ಎನ್ನುವುದೊಂದೇ ನಿಮ್ಮ ದೂರಾದರೆ ಅದು ಬಲ ಇಲ್ಲದ ದೂರು. ರಿಪೇರಿ ಮಜೂರಿ ಇಷ್ಟೇ ಇರಬೇಕು ಎಂದು ಸರ್ಕಾರ ದರ ಕಟ್ಟಿಲ್ಲ. ಎಸ್ಟಿಮೇಟ್ ನೋಡಿ, ಒಪ್ಪಿ, ಸಹಿ ಹಾಕಿ, ಆಮೇಲೆ ಪಕ್ಕದ ಬೀದಿಯಲ್ಲಿ ಅರ್ಧಕ್ಕೆ ಆಗುತ್ತಿತ್ತು ಎಂದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆ ಹಣ ವಾಪಸ್ ಬರುವ ಸಾಧ್ಯತೆ ಕಡಿಮೆ.

ಬಲ ಇರುವ ದೂರುಗಳು ಬೇರೆ ತರಹದವು. ನಿಮ್ಮನ್ನು ಕೇಳದೆ ಹೆಚ್ಚಿನ ಕೆಲಸ ಮಾಡಿ ಬಿಲ್‌ಗೆ ಸೇರಿಸಿದರು. 6,000 ಎಂದು ಹೇಳಿ 14,000 ಮಾಡಿದರು. ಹಾಕದ ಭಾಗಕ್ಕೆ ದುಡ್ಡು ತೆಗೆದುಕೊಂಡರು. ಹೊಸದು ಎಂದು ಹೇಳಿ ಹಳೆಯದು ಹಾಕಿದರು. ರಿಪೇರಿ ಆದ ವಾರದಲ್ಲೇ ಅದೇ ತೊಂದರೆ ಮರಳಿ ಬಂತು, ಮತ್ತೆ ದುಡ್ಡು ಕೇಳಿದರು. ಬಿಲ್ ಕೊಡಲಿಲ್ಲ. ಇವೆಲ್ಲ ಕಾಯ್ದೆಯ ಸೆಕ್ಷನ್ 2(11)ರ ಸೇವಾ ಲೋಪದಲ್ಲೋ ಸೆಕ್ಷನ್ 2(47)ರ ಅನುಚಿತ ವ್ಯಾಪಾರ ಪದ್ಧತಿಯಲ್ಲೋ ಬರುತ್ತವೆ. ಹೇಳಬೇಕಾದ ವಿಷಯವನ್ನು ಬೇಕೆಂದೇ ಗ್ರಾಹಕರಿಂದ ಮುಚ್ಚಿಡುವುದು ಸೇವಾ ಲೋಪ ಎಂದು ಕಾಯ್ದೆ ಹೇಳುತ್ತದೆ. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ.

ಇನ್ನೊಂದು ದಾರಿ ಇದೆ, ಕಷ್ಟದ ದಾರಿ: ಲ್ಯಾಪ್‌ಟಾಪ್ ತಯಾರಾದಾಗಲೇ ಅದರಲ್ಲಿ ದೋಷ ಇತ್ತು, ಈಗ ಹೊರಗೆ ಬಂದಿದೆ, ಆದ್ದರಿಂದ ರಿಪೇರಿ ಖರ್ಚು ಕಂಪನಿಯದು ಎನ್ನುವುದು. ಹೀಗೆ ವಾದಿಸಬಹುದು, ಆದರೆ ಸಾಬೀತು ಮಾಡುವ ಹೊಣೆ ನಿಮ್ಮದು. ಗ್ರಾಹಕರ ಆಯೋಗ (ನಾವು ಕನ್ಸ್ಯೂಮರ್ ಕೋರ್ಟ್ ಎನ್ನುವುದು) ಬೇಕೆನಿಸಿದರೆ ಮಾಲನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ, ಪರೀಕ್ಷೆಯ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. ವಾರಂಟಿ ಇದ್ದಾಗಲೇ ಇದೇ ತೊಂದರೆಗೆ ನೀವು ಸರ್ವಿಸ್ ಸೆಂಟರ್‌ಗೆ ಹೋಗಿದ್ದರೆ ಮಾತು ಬೇರೆ. ಆಗಿನ ಜಾಬ್ ಶೀಟ್, ಅಂದರೆ ಲ್ಯಾಪ್‌ಟಾಪ್ ಒಪ್ಪಿಸುವಾಗ ಅವರು ತೊಂದರೆ ಬರೆದುಕೊಡುವ ಹಾಳೆ, ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ದಾಖಲೆ. "ಎಂಟನೇ ತಿಂಗಳಲ್ಲೇ ತಾನಾಗಿ ಆಫ್ ಆಗುತ್ತದೆ ಎಂದು ದೂರು ಕೊಟ್ಟಿದ್ದೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಳುಹಿಸಿದರು, ಈಗ ಬೋರ್ಡೇ ಹೋಗಿದೆ" ಎಂದು ಹೇಳುವಂತಿದ್ದರೆ ಕಂಪನಿಯವರು ಸುಲಭಕ್ಕೆ ಕೈತೊಳೆದುಕೊಳ್ಳಲಾರರು.

ವಾರಂಟಿ ನಿಜವಾಗಿಯೂ ಮುಗಿದಿದೆಯಾ?

ಕೌಂಟರ್‌ನಲ್ಲಿ ಕೂತವರ ಮಾತು ನಂಬಿ ಬಿಡಬೇಡಿ. ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಡೆಲ್‌ನವರು ಅದನ್ನು ಸರ್ವಿಸ್ ಟ್ಯಾಗ್ ಎನ್ನುತ್ತಾರೆ. ಎಷ್ಟೋ ಸಲ ಅಲ್ಲಿ ಕಾಣುವ ದಿನಾಂಕ ನೀವು ಕೊಂಡ ದಿನದಿಂದ ಶುರುವಾಗಿರುವುದಿಲ್ಲ, ಕಂಪನಿಯಿಂದ ಮಾಲು ಹೊರಟ ದಿನದಿಂದ ಶುರುವಾಗಿರುತ್ತದೆ. ಅಂಗಡಿಯ ಶೆಲ್ಫಿನಲ್ಲಿ ಮೂರು ತಿಂಗಳು ಕೂತಿದ್ದರೆ ನಿಮ್ಮ ವಾರಂಟಿಯ ಮೂರು ತಿಂಗಳು ಸುಮ್ನೆ ಹೋದಂತೆ ತೋರುತ್ತದೆ. ಜಿಎಸ್‌ಟಿ ಬಿಲ್ ಅಪ್‌ಲೋಡ್ ಮಾಡಿ ದಿನಾಂಕ ತಿದ್ದಿಸಿಕೊಳ್ಳಬಹುದು. ನಾಲ್ಕು ಕಾಸು ಖರ್ಚಿಲ್ಲದ ಕೆಲಸ. ಅದಕ್ಕೇ ಇದನ್ನು ಮೊದಲು ಮಾಡಿ.

ಜೊತೆಗೆ ನಿಮ್ಮ ಮಾಡೆಲ್‌ಗೆ ಕಂಪನಿ ವಿಶೇಷ ಸರ್ವಿಸ್ ಯೋಜನೆಯನ್ನೋ ರೀಕಾಲನ್ನೋ (ದೋಷ ಇರುವ ಮಾಲನ್ನು ಕಂಪನಿಯೇ ವಾಪಸ್ ಕರೆಸುವುದು) ಘೋಷಿಸಿದೆಯಾ ಎಂದು ಹುಡುಕಿ. ಇಂಥವು ವಾರಂಟಿ ಮುಗಿದ ಮೇಲೂ ನಡೆಯುತ್ತವೆ. 2018ರಲ್ಲಿ ಆಪಲ್ ತನ್ನ ಕೆಲವು ಮ್ಯಾಕ್‌ಬುಕ್‌ಗಳ ಕೀಬೋರ್ಡನ್ನು, ಮೊದಲ ಮಾರಾಟದಿಂದ ನಾಲ್ಕು ವರ್ಷದವರೆಗೆ ಉಚಿತವಾಗಿ ಸರಿ ಮಾಡಿಕೊಡುವ ಯೋಜನೆ ತಂದಿತು. ಎಚ್‌ಪಿ 2018ರ ಜನವರಿಯಲ್ಲಿ ಹಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿ ವಾಪಸ್ ಪಡೆಯಿತು. ಅದೇ ವರ್ಷ ಲೆನೊವೊ, ಐದನೇ ತಲೆಮಾರಿನ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಒಳಗೆ ಸಡಿಲ ಸ್ಕ್ರೂ ಉಳಿದಿರಬಹುದೆಂದು ರೀಕಾಲ್ ಮಾಡಿತು. ಇಂಥ ಯೋಜನೆ ಇದೆ ಎಂದು ಕೌಂಟರ್‌ನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಈಗಾಗಲೇ ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದರೂ ಕೇಳಿ ನೋಡಿ. ಆಪಲ್‌ನ ಆ ಯೋಜನೆಯಲ್ಲಿ ಮೊದಲೇ ದುಡ್ಡು ಕೊಟ್ಟವರೂ ಮರುಪಾವತಿ ಕೇಳಬಹುದಿತ್ತು.

ಒಳಗೆ ಕೊಡುವ ಮುನ್ನ

ಲ್ಯಾಪ್‌ಟಾಪ್ ಇನ್ನೂ ಸ್ವಲ್ಪ ಮಟ್ಟಿಗೆ ನಡೆಯುತ್ತಿದ್ದರೆ ಅದರೊಳಗೇ ಇರುವ ಪರೀಕ್ಷೆಯನ್ನು ನಡೆಸಿ. ಎಚ್‌ಪಿಯಲ್ಲಿ ಆನ್ ಮಾಡುವಾಗ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿದರೆ ಹಾರ್ಡ್‌ವೇರ್ ಪರೀಕ್ಷೆಯ ಮೆನು ಬರುತ್ತದೆ. ತಪ್ಪು ಸಿಕ್ಕರೆ ಒಂದು ಕೋಡ್ ತೋರಿಸುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. "ರ‍್ಯಾಮ್ ತೊಂದರೆ" ಎಂದು ಕೋಡ್ ಹೇಳುತ್ತಿದ್ದರೆ ಬೋರ್ಡಿಗೆ ಎಸ್ಟಿಮೇಟ್ ಯಾಕೆ ಎಂದು ಕೇಳಲು ಆಧಾರ ಸಿಗುತ್ತದೆ. ಪರದೆ ಕಪ್ಪಾಗಿದ್ದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ಬೋರ್ಡ್ ಬದುಕಿದೆ ಎಂದರ್ಥ. ತೊಂದರೆ ಇರುವುದು ಬಹುಶಃ ಪ್ಯಾನೆಲ್‌ನಲ್ಲಿ ಅಥವಾ ಅದಕ್ಕೆ ಹೋಗುವ ಕೇಬಲ್‌ನಲ್ಲಿ. ಕೇಬಲ್‌ಗೂ ಪ್ಯಾನೆಲ್‌ಗೂ ಬೆಲೆಯಲ್ಲಿ ಅಜಗಜಾಂತರ.

ಡೇಟಾ ಬ್ಯಾಕಪ್ ಮಾಡಿಕೊಳ್ಳಿ. ವಿಂಡೋಸ್ ಆದರೆ ಬಿಟ್‌ಲಾಕರ್ ರಿಕವರಿ ಕೀ (ಡಿಸ್ಕಿನ ಬೀಗ ತೆಗೆಯುವ ಸಂಖ್ಯೆ) ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಎಂದು ನೋಡಿ ಬರೆದಿಟ್ಟುಕೊಳ್ಳಿ. ಬೋರ್ಡ್ ಬದಲಾಯಿಸಿದ ಮೇಲೆ ಅದು ಆ ಕೀ ಕೇಳುತ್ತದೆ. ಇಲ್ಲದಿದ್ದರೆ ನಿಮ್ಮ ಫೋಟೊ, ಪ್ರಾಜೆಕ್ಟ್ ಎಲ್ಲ ಒಳಗೇ ಬೀಗ ಬಿದ್ದು ಕೂರುತ್ತವೆ.

ನಾಲ್ಕೂ ಬದಿಯ ಫೋಟೊ, ಚಿಕ್ಕ ವಿಡಿಯೊ ತೆಗೆಯಿರಿ. ಕೊಡುವಾಗ ಹಿಂಜ್ ಸರಿಯಿತ್ತು, ತರುವಾಗ ಮುರಿದಿತ್ತು ಎನ್ನುವ ಜಗಳಗಳು ಕಡಿಮೆಯೇನಲ್ಲ. ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಯಾವ ಕಂಪನಿಯದು ಎಂದು ಸಿಸ್ಟಂ ಮಾಹಿತಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗ ಜಾಬ್ ಶೀಟ್. ಈ ಹಾಳೆಯಲ್ಲೇ ನಿಮ್ಮ ಕೇಸಿನ ಮುಕ್ಕಾಲು ಪಾಲು ಇದೆ ಎಂದು ನಾನು ನಂಬುತ್ತೇನೆ. ಅವರು ಸಾಮಾನ್ಯವಾಗಿ "ನೋ ಪವರ್" ಎಂದು ಎರಡು ಪದ ಗೀಚಿ ಸಹಿಗೆ ಒಡ್ಡುತ್ತಾರೆ. ಓದದೆ ಸಹಿ ಹಾಕಬೇಡಿ. ತೊಂದರೆ ಏನು, ಯಾವಾಗ ಶುರುವಾಯಿತು, ಜೊತೆಗೆ ಚಾರ್ಜರ್ ಕೊಟ್ಟಿದ್ದೀರಾ, ಹೊರಗೆ ಗೀರು ಇದೆಯಾ, ಪರಿಶೀಲನಾ ಶುಲ್ಕ ಎಷ್ಟು, ರಿಪೇರಿ ಬೇಡ ಎಂದರೂ ಅದನ್ನು ಕೊಡಬೇಕಾ, ಇವೆಲ್ಲ ಅದರಲ್ಲಿರಲಿ. ಕೊನೆಯಲ್ಲಿ ನಿಮ್ಮ ಕೈಯಿಂದಲೇ ಹೀಗೆ ಬರೆಯಿರಿ:

"ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಯಾವ ರಿಪೇರಿಯನ್ನೂ ಮಾಡಬಾರದು. ತೆಗೆದ ಹಳೆಯ ಭಾಗವನ್ನು ನನಗೆ ತೋರಿಸಬೇಕು."

ಬರೆದ ಮೇಲೆ ಅದರ ಫೋಟೊ ತೆಗೆದು ಅಂಗಡಿಯ ವಾಟ್ಸಾಪ್ ನಂಬರಿಗೇ ಕಳುಹಿಸಿಬಿಡಿ. ಅವರಿಗೂ ಗೊತ್ತಾಯಿತು, ತಾರೀಖು ಸಮೇತ ದಾಖಲೆಯೂ ಆಯಿತು.

ಎಸ್ಟಿಮೇಟ್ ಬಂದಾಗ

ಫೋನಿನಲ್ಲಿ ಮೊತ್ತ ಹೇಳಿದರೆ "ಆಯ್ತು ಮಾಡಿ" ಎನ್ನಬೇಡಿ. ಅದೇ ಮಾತನ್ನು ಆಮೇಲೆ ನಿಮ್ಮ ಒಪ್ಪಿಗೆ ಎಂದು ತೋರಿಸುತ್ತಾರೆ. "ಬರೆದು ಕಳುಹಿಸಿ, ನೋಡಿ ಹೇಳುತ್ತೇನೆ" ಎನ್ನಿ. ಬರಹದಲ್ಲಿ ಭಾಗದ ಹೆಸರು ಮತ್ತು ಪಾರ್ಟ್ ನಂಬರ್, ಅದು ಹೊಸದೋ ರಿಫರ್ಬಿಷ್ ಮಾಡಿದ್ದೋ (ಹಳೆಯದನ್ನೇ ಸರಿಪಡಿಸಿದ್ದು), ಮಜೂರಿ ಎಷ್ಟು, ಜಿಎಸ್‌ಟಿ ಎಷ್ಟು, ಹಾಕಿದ ಭಾಗಕ್ಕೆ ಎಷ್ಟು ದಿನದ ವಾರಂಟಿ ಎನ್ನುವುದು ಬಿಡಿಬಿಡಿಯಾಗಿ ಇರಬೇಕು. "ರಿಪೇರಿ ಶುಲ್ಕ 28,000" ಎಂದು ಒಂದೇ ಸಾಲಿದ್ದರೆ ಅದು ಎಸ್ಟಿಮೇಟೇ ಅಲ್ಲ.

ಕಂಪನಿಯ ಅಧಿಕೃತ ಸೆಂಟರ್‌ಗಳಲ್ಲಿ ಬೋರ್ಡ್ ಯಾಕೆ ಅಷ್ಟು ದುಬಾರಿ ಎನ್ನುವುದೂ ಗೊತ್ತಿರಲಿ. ಅವರು ಬೋರ್ಡಿನ ಮೇಲಿನ ಒಂದು ಸಣ್ಣ ಭಾಗ ಕೆಟ್ಟರೂ ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ. ಶಾರ್ಟ್ ಆದ ಒಂದು ಕೆಪಾಸಿಟರ್, ಸುಟ್ಟ ಒಂದು ಮಾಸ್ಫೆಟ್, ಚಾರ್ಜಿಂಗ್ ಐಸಿ, ಕೆಟ್ಟುಹೋದ ಬಯೋಸ್ ಚಿಪ್: "ಬೋರ್ಡ್ ಹೋಗಿದೆ" ಎನ್ನುವ ಮಾತಿನ ಹಿಂದೆ ಇವುಗಳಲ್ಲಿ ಒಂದು ಇರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚಿಪ್ ಲೆವೆಲ್ ಕೆಲಸ ಮಾಡುವವರು ಆ ಒಂದು ಭಾಗವನ್ನು ಮಾತ್ರ ಬದಲಾಯಿಸುತ್ತಾರೆ. ಖರ್ಚು ಬಹಳ ಕಡಿಮೆ. ಎಲ್ಲರ ಕೆಲಸವೂ ಚೆನ್ನಾಗಿರುತ್ತದೆ ಎಂದಲ್ಲ. ಒಂದು ಬೋರ್ಡನ್ನು ಮೂರು ಕೈ ಮುಟ್ಟಿದರೆ ನಾಲ್ಕನೆಯವರು "ಇದಕ್ಕೆ ಯಾರೋ ಕೈ ಹಾಕಿದ್ದಾರೆ" ಎನ್ನುತ್ತಾರೆ, ಆಗ ಕಂಪನಿ ವಿರುದ್ಧದ ನಿಮ್ಮ ವಾದವೂ ಸಡಿಲವಾಗುತ್ತದೆ. ಆದ್ದರಿಂದ ತಯಾರಿಕಾ ದೋಷ ಎಂದು ಹೋರಾಡುವ ಯೋಚನೆ ಇದ್ದರೆ ಹೊರಗೆ ಬಿಚ್ಚಿಸಬೇಡಿ. ಕಂಪನಿಯನ್ನು ಬಿಟ್ಟು ಲ್ಯಾಪ್‌ಟಾಪ್ ನಡೆದರೆ ಸಾಕು ಎಂದಿದ್ದರೆ ಚಿಪ್ ಲೆವೆಲ್‌ನವರನ್ನು ನೋಡಿ. ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ.

ಎರಡನೇ ಅಂಗಡಿಯ ಅಭಿಪ್ರಾಯ ತೆಗೆದುಕೊಂಡರೆ ಅದನ್ನೂ ಅವರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಆಯೋಗದಲ್ಲಿ ಬೆಲೆ ಇಲ್ಲ. ಪರೀಕ್ಷೆಗೆ ಸ್ವಲ್ಪ ದುಡ್ಡು ಕೇಳಿದರೆ ಕೊಡಿ.

"ನೀರು ಬಿದ್ದಿದೆ" ಎನ್ನುವುದು ಸರ್ವಿಸ್ ಸೆಂಟರ್‌ಗಳ ಇಷ್ಟದ ಉತ್ತರ. ಕೆಲವೊಮ್ಮೆ ನಿಜವೂ ಇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳ ಒಳಗೆ ನೀರು ತಾಕಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಪುಟ್ಟ ಸ್ಟಿಕ್ಕರ್‌ಗಳಿರುತ್ತವೆ. ಹಾಗೆ ಹೇಳಿದರೆ ಕಲೆ ಎಲ್ಲಿದೆ, ಸ್ಟಿಕ್ಕರ್ ಯಾವ ಬಣ್ಣದಲ್ಲಿದೆ ಎಂದು ಫೋಟೊ ಕೇಳಿ. ಬೋರ್ಡಿನ ಸೀರಿಯಲ್ ನಂಬರ್ ಅದೇ ಫೋಟೊದಲ್ಲಿ ಕಾಣಬೇಕು ಎಂದೂ ಹೇಳಿ. ಬೇರೆ ಯಾರದೋ ಬೋರ್ಡಿನ ಫೋಟೊ ತೋರಿಸುವ ಅವಕಾಶವೇ ಇರಬಾರದು.

ಬಿಲ್ ಕಟ್ಟದೆ ಲ್ಯಾಪ್‌ಟಾಪ್ ಕೊಡುವುದಿಲ್ಲ ಎಂದರೆ

ಇಲ್ಲಿ ಬಹಳ ಜನ ಗಲಾಟೆಗೆ ಇಳಿಯುತ್ತಾರೆ, ಪೊಲೀಸರನ್ನು ಕರೆಯುತ್ತೇನೆ ಎನ್ನುತ್ತಾರೆ. ಕಾನೂನು ಇಲ್ಲಿ ಪೂರ್ತಿ ನಿಮ್ಮ ಕಡೆ ಇಲ್ಲ. ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 170 ಪ್ರಕಾರ, ನಿಮ್ಮ ವಸ್ತುವಿನ ಮೇಲೆ ಶ್ರಮ, ಕೌಶಲ ಹಾಕಿ ಕೆಲಸ ಮಾಡಿದವರು ಆ ಕೆಲಸದ ನ್ಯಾಯವಾದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ದರ್ಜಿ, ಗಡಿಯಾರ ರಿಪೇರಿಯವರು, ಲ್ಯಾಪ್‌ಟಾಪ್‌ನವರು ಎಲ್ಲರಿಗೂ ಇದು ಅನ್ವಯ. ಆದರೆ ಇದು ನೀವು ವಹಿಸಿದ ಕೆಲಸಕ್ಕೆ ಮಾತ್ರ. ಒಪ್ಪಿಗೆ ಇಲ್ಲದೆ ಮಾಡಿದ ಕೆಲಸದ ದುಡ್ಡಿಗಾಗಿ ಹಿಡಿದಿಟ್ಟುಕೊಂಡರೆ ಅದನ್ನು ಪ್ರಶ್ನಿಸಬಹುದು. ವಸ್ತು ಅವರ ಬಳಿ ಇರುವಷ್ಟು ದಿನ ಜೋಪಾನವಾಗಿ ನೋಡಿಕೊಳ್ಳುವ ಹೊಣೆಯೂ ಸೆಕ್ಷನ್ 151ರ ಪ್ರಕಾರ ಅವರದೇ.

ಲ್ಯಾಪ್‌ಟಾಪ್ ತುರ್ತಾಗಿ ಬೇಕೆಂದರೆ ನನ್ನ ಸಲಹೆ: ಆಕ್ಷೇಪಣೆ ಬರೆದು, ದುಡ್ಡು ಕಟ್ಟಿ, ಲ್ಯಾಪ್‌ಟಾಪ್ ತನ್ನಿ. ಬಿಲ್ಲಿನ ಅವರ ಪ್ರತಿಯ ಮೇಲೆ ಹೀಗೆ ಬರೆದು ಸಹಿ ಮಾಡಿ:

"ಈ ಮೊತ್ತವನ್ನು ನಾನು ಒಪ್ಪಿಲ್ಲ. ಲ್ಯಾಪ್‌ಟಾಪ್ ಬಿಡಿಸಿಕೊಳ್ಳಲು ಮಾತ್ರ ಕಟ್ಟುತ್ತಿದ್ದೇನೆ. ಹಣ ವಾಪಸ್ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇನೆ."

ಬರೆಯಲು ಬಿಡದಿದ್ದರೆ ದುಡ್ಡು ಕಟ್ಟುವ ಮುಂಚೆ ಇದನ್ನೇ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕಳುಹಿಸಿ. ನಗದು ಕೊಡಬೇಡಿ. ಕ್ರೆಡಿಟ್ ಕಾರ್ಡ್ ಇದ್ದರೆ ಅದೇ ಒಳ್ಳೆಯದು, ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯುವುದು) ಕೇಳುವ ದಾರಿ ತೆರೆದಿರುತ್ತದೆ. ಅದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ. ಯುಪಿಐನಲ್ಲಿ ದಾಖಲೆ ಉಳಿಯುತ್ತದೆ, ಆದರೆ ಒಮ್ಮೆ ಹೋದ ಹಣವನ್ನು ಸೇವೆ ಸರಿ ಇಲ್ಲ ಎಂದು ಎಳೆದು ತರುವುದು ಕಷ್ಟ.

ಅಲ್ಲೇ ಕೌಂಟರ್‌ನಲ್ಲೇ ಆನ್ ಮಾಡಿ ನೋಡಿ. ರ‍್ಯಾಮ್, ಎಸ್‌ಎಸ್‌ಡಿ ಹಳೆಯ ಸ್ಕ್ರೀನ್‌ಶಾಟಿಗೆ ತಾಳೆಯಾಗುತ್ತದೆಯಾ ನೋಡಿ. ಹಳೆಯ ಭಾಗ ಕೇಳಿ. ಅಧಿಕೃತ ಸೆಂಟರ್‌ಗಳು ಕೆಲವೊಮ್ಮೆ ಹಳೆಯ ಬೋರ್ಡಿಗೆ ಬದಲಾಗಿ ಬೇರೆ ಬೋರ್ಡ್ ಕೊಡುವ ಲೆಕ್ಕದಲ್ಲಿ ದರ ಹಾಕುತ್ತವೆ, ಆಗ ಹಳೆಯದು ಕಂಪನಿಗೆ ವಾಪಸ್ ಹೋಗುತ್ತದೆ. ಹಾಗಿದ್ದರೆ ಅದರ ಫೋಟೊ, ಸೀರಿಯಲ್ ನಂಬರ್ ಆದರೂ ತೆಗೆದುಕೊಳ್ಳಿ.

ಬಿಲ್ ನೋಡುವಾಗ ಜಿಎಸ್‌ಟಿ ನಂಬರ್ ಗಮನಿಸಿ. ಅದರಲ್ಲಿ 15 ಅಕ್ಷರ, ಅಂಕಿಗಳಿರುತ್ತವೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಎಂದು ಕಾಣುತ್ತದೆ. ನೋಂದಣಿಯೇ ಇಲ್ಲದ ಅಂಗಡಿ ಜಿಎಸ್‌ಟಿ ಎಂದು ದುಡ್ಡು ತೆಗೆದುಕೊಳ್ಳುವಂತಿಲ್ಲ. "ಬಿಲ್ ಬೇಡ ಅಂದ್ರೆ 18% ಕಡಿಮೆ" ಎಂಬ ಆಮಿಷಕ್ಕೆ ಬಿದ್ದರೆ ಮುಂದಿನ ಹೆಜ್ಜೆಗಳೆಲ್ಲ ಕುಂಟುತ್ತವೆ.

ಪತ್ರ ಬರೆಯಿರಿ, ಕೋಪ ಬೇಡ

ದೂರಿನ ಪತ್ರದಲ್ಲಿ ಬೈಗುಳ, ವ್ಯಂಗ್ಯ ಏನೂ ಬೇಡ. ತಾರೀಖು, ಮೊತ್ತ, ದಾಖಲೆ, ಬೇಡಿಕೆ, ಗಡುವು. ಅಷ್ಟೇ. ಒಂದು ಮಾದರಿ:

"ವಿಷಯ: ಜಾಬ್ ಶೀಟ್ ಸಂಖ್ಯೆ ____. ಒಪ್ಪಿಗೆ ಇಲ್ಲದೆ ವಿಧಿಸಿದ ರಿಪೇರಿ ಶುಲ್ಕ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ, ದಿನಾಂಕ ____ರಂದು ನನ್ನ ಲ್ಯಾಪ್‌ಟಾಪನ್ನು (ಸೀರಿಯಲ್ ನಂಬರ್ ____) ಚಾರ್ಜ್ ಆಗುತ್ತಿಲ್ಲ ಎಂಬ ತೊಂದರೆಗೆ ನಿಮ್ಮಲ್ಲಿ ಕೊಟ್ಟಿದ್ದೆ. ದಿನಾಂಕ ____ರಂದು ನೀವು ಕಳುಹಿಸಿದ ಎಸ್ಟಿಮೇಟ್ ____ ರೂಪಾಯಿ. ಅದಕ್ಕೆ ಮಾತ್ರ ನಾನು ಒಪ್ಪಿಗೆ ಕೊಟ್ಟಿದ್ದೆ. ದಿನಾಂಕ ____ರ ಬಿಲ್ಲಿನಲ್ಲಿ ____ ರೂಪಾಯಿ ಹಾಕಿದ್ದೀರಿ. ಹೆಚ್ಚುವರಿ ಕೆಲಸದ ಬಗ್ಗೆ ನನಗೆ ಮೊದಲೇ ತಿಳಿಸಿಲ್ಲ, ನನ್ನ ಒಪ್ಪಿಗೆ ಪಡೆದಿಲ್ಲ. ಲ್ಯಾಪ್‌ಟಾಪ್ ಬಿಡಿಸಿಕೊಳ್ಳಲು ಆಕ್ಷೇಪಣೆಯೊಂದಿಗೆ ಪೂರ್ತಿ ಹಣ ಕಟ್ಟಿದ್ದೇನೆ.

ಇದು ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(11)ರ ಪ್ರಕಾರ ಸೇವಾ ಲೋಪ. ಹೆಚ್ಚುವರಿಯಾಗಿ ಪಡೆದ ____ ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನದೊಳಗೆ ನನ್ನ ಖಾತೆಗೆ ಹಿಂದಿರುಗಿಸಿ. ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಜಾಬ್ ಶೀಟ್, ಎಸ್ಟಿಮೇಟ್, ಬಿಲ್ ಪ್ರತಿಗಳನ್ನು ಲಗತ್ತಿಸಿದ್ದೇನೆ."

ಇದನ್ನು ಅಂಗಡಿಗೂ ಕಂಪನಿಯ ಕುಂದುಕೊರತೆ ವಿಭಾಗಕ್ಕೂ ಕಳುಹಿಸಿ. ಕಂಪನಿಯ ಮುಖ್ಯ ಕಚೇರಿ ಹೊರರಾಜ್ಯದಲ್ಲಿದ್ದರೆ ಇಂಗ್ಲಿಷಿನ ಒಂದು ಪ್ರತಿಯನ್ನೂ ಜೊತೆಗಿಡಿ, "ಅರ್ಥವಾಗಲಿಲ್ಲ" ಎಂಬ ನೆಪ ತಪ್ಪುತ್ತದೆ. ಇಮೇಲ್ ಮಾಡಿ, ಮತ್ತೆ ಸ್ಪೀಡ್ ಪೋಸ್ಟನ್ನೂ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ರಸೀದಿ ಮತ್ತು ತಲುಪಿದ ದಾಖಲೆಯ ಪ್ರಿಂಟ್ ಇಟ್ಟುಕೊಳ್ಳಿ. ವಕೀಲರ ನೋಟಿಸ್ ಕಡ್ಡಾಯ ಅಲ್ಲ.

ಆ್ಯಪ್ ಮೂಲಕ ಮನೆಗೆ ರಿಪೇರಿಯವರನ್ನು ಕರೆಸಿದ್ದರೆ ಇನ್ನೊಂದು ಅನುಕೂಲ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

1915

ಉತ್ತರ ಬರಲಿಲ್ಲ, ಅಥವಾ "ನಮ್ಮ ಪಾಲಿಸಿ ಹೀಗೇ" ಎಂದರು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡಬಹುದು. ಅದರ ವೆಬ್‌ಸೈಟ್‌ನಲ್ಲಿ, ಉಮಂಗ್ ಆ್ಯಪ್‌ನಲ್ಲಿ, ವಾಟ್ಸಾಪ್‌ನಲ್ಲೂ ದೂರು ಹಾಕಬಹುದು. ಖರ್ಚಿಲ್ಲ. ಅವರು ನಿಮ್ಮ ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಕೇಳುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ, ನೆನಪಿರಲಿ. ಆದರೂ ದೊಡ್ಡ ಬ್ರಾಂಡ್‌ಗಳ ಮಟ್ಟಿಗೆ ಇದು ಕೆಲಸ ಮಾಡುತ್ತದೆ. ಕೌಂಟರ್‌ನ ಹುಡುಗನನ್ನು ದಾಟಿ ಹೆಡ್ ಆಫೀಸಿನ ಮೇಜಿಗೆ ನಿಮ್ಮ ಕಾಗದ ಹೋಗುತ್ತದೆ. ಬೀದಿ ಮೂಲೆಯ ಅಂಗಡಿಯ ವಿರುದ್ಧ ಇದರಿಂದ ಹೆಚ್ಚು ನಿರೀಕ್ಷೆ ಬೇಡ. ಅಂಥ ಕಡೆ ನೇರ ಆಯೋಗವೇ ಸರಿ.

ಜಿಲ್ಲಾ ಆಯೋಗ

ನಾವು ಬಾಯಿಮಾತಿಗೆ ಕನ್ಸ್ಯೂಮರ್ ಕೋರ್ಟ್ ಎನ್ನುವುದು ಇದನ್ನೇ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಮೊದಲಿನ ಕಾಯ್ದೆಯಲ್ಲಿ ಇಲ್ಲದ ಒಂದು ದೊಡ್ಡ ಅನುಕೂಲವೂ ಈಗಿದೆ: ನೀವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ರಿಪೇರಿ ಮಾಡಿಸಿದ ಹಾವೇರಿಯವರು ಹಾವೇರಿಯಲ್ಲೇ ಕೇಸು ಹಾಕಬಹುದು. ಕಾಗದ ಹಿಡಿದು ಹೋಗಬಹುದು, ಇಲ್ಲವೇ ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. 2025ರ ಜನವರಿಯಿಂದ ಹಳೆಯ ಇ-ದಾಖಿಲ್ ಜಾಗಕ್ಕೆ ಇದು ಬಂದಿದೆ. ವಿಡಿಯೊ ಮೂಲಕ ವಿಚಾರಣೆ ಕೇಳುವ ಅವಕಾಶವೂ ಕಾಯ್ದೆಯಲ್ಲಿದೆ.

ದೂರು ಕೊಡಲು ಎರಡು ವರ್ಷದ ಮಿತಿ. ತೊಂದರೆ ಹುಟ್ಟಿದ ದಿನದಿಂದ ಎಣಿಕೆ. ನಿಮ್ಮ ದೂರು ಬಿಲ್ಲಿನ ಬಗ್ಗೆ ಆದರೆ ಸಾಮಾನ್ಯವಾಗಿ ಬಿಲ್ಲಿನ ದಿನದಿಂದ ಎಂದುಕೊಳ್ಳಿ. ಕಸ್ಟಮರ್ ಕೇರ್ ಜೊತೆ ಇಮೇಲ್ ಆಟ ಆಡುತ್ತಾ ಈ ಎರಡು ವರ್ಷ ಕಳೆದುಕೊಳ್ಳಬೇಡಿ.

ಒಂದು ಬಲೆ ಇದೆ. ಜಿಎಸ್‌ಟಿ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ತಮ್ಮ ವ್ಯಾಪಾರದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗಲಿ ಎಂದು ಕೆಲವರು ಲ್ಯಾಪ್‌ಟಾಪ್ ಬಿಲ್ಲನ್ನೂ ರಿಪೇರಿ ಬಿಲ್ಲನ್ನೂ ತಮ್ಮ ಕಂಪನಿಯ ಹೆಸರಿನಲ್ಲಿ ಮಾಡಿಸುತ್ತಾರೆ. ಎದುರಿನವರು ಮೊದಲು ಹಿಡಿಯುವುದೇ ಅದನ್ನು: "ಇವರು ವಾಣಿಜ್ಯ ಉದ್ದೇಶಕ್ಕೆ ಪಡೆದವರು, ಗ್ರಾಹಕರೇ ಅಲ್ಲ." ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಬಳಸುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಒಬ್ಬರೇ ಕೂತು ಡಿಟಿಪಿ ಮಾಡುವವರು, ಫ್ರೀಲಾನ್ಸ್ ಕೋಡಿಂಗ್ ಮಾಡುವವರು ಆ ಮಾತನ್ನು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಬೇಕು.

ಏನು ಕೇಳಬೇಕು? ಹೆಚ್ಚುವರಿ ಹಣ ವಾಪಸ್, ಅಥವಾ ಉಚಿತವಾಗಿ ಸರಿಯಾದ ರಿಪೇರಿ. ಜೊತೆಗೆ ಪರಿಹಾರ ಮತ್ತು ಕೇಸಿನ ಖರ್ಚು. 8,000 ರೂಪಾಯಿ ಜಗಳಕ್ಕೆ 10 ಲಕ್ಷ ಮಾನಸಿಕ ಹಿಂಸೆಯ ಪರಿಹಾರ ಎಂದು ಬರೆಯುವವರಿದ್ದಾರೆ. ಅದರಿಂದ ದೂರು ಹಗುರವಾಗುತ್ತದೆ, ಅಷ್ಟೇ. ಓಡಾಟದ ಟಿಕೆಟ್, ಬಾಡಿಗೆ ಲ್ಯಾಪ್‌ಟಾಪ್ ತಂದಿದ್ದರೆ ಅದರ ರಸೀದಿ, ಹೀಗೆ ತೋರಿಸಬಲ್ಲ ನಷ್ಟವನ್ನು ಕೇಳಿ.

ಎಷ್ಟು ದಿನ ಹಿಡಿಯುತ್ತದೆ? ಎದುರಿನವರಿಗೆ ನೋಟಿಸ್ ಸಿಕ್ಕ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಡೆಯುವುದು ಅದಕ್ಕಿಂತ ನಿಧಾನ. ಅದಕ್ಕೇ 1,500 ರೂಪಾಯಿಯ ವ್ಯತ್ಯಾಸಕ್ಕೆ ನಾನು ಆಯೋಗದ ಮೆಟ್ಟಿಲು ಹತ್ತಿ ಎನ್ನುವುದಿಲ್ಲ. 1915ರ ತನಕ ಹೋಗಿ ಬಿಟ್ಟುಬಿಡಿ. ಬೋರ್ಡ್ ಬದಲಾಯಿಸಿದ ಹಣವೇ ವಾಪಸ್ ಬರಬೇಕಿದ್ದರೆ, ದಾಖಲೆ ಗಟ್ಟಿ ಇದ್ದರೆ, ಹತ್ತಿ. ಆದೇಶ ನಿಮ್ಮ ಕಡೆ ಬಂದು ಅವರು ಪಾಲಿಸದಿದ್ದರೆ ಸೆಕ್ಷನ್ 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ. ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕೆಂದರೆ 45 ದಿನದೊಳಗೆ ಹೋಗಬೇಕು, ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು.

ರಾಜಿಗೆ ಬಂದರೆ

ನೋಟಿಸ್ ಹೋದ ಮೇಲೆ ಎಷ್ಟೋ ಕಂಪನಿಗಳು ಫೋನ್ ಮಾಡುತ್ತವೆ. "ಗುಡ್‌ವಿಲ್ ಆಗಿ 50% ಡಿಸ್ಕೌಂಟ್ ಕೊಡುತ್ತೇವೆ" ಎನ್ನುವುದು ಸಾಮಾನ್ಯ ಮಾತು. ದೂರು ತಯಾರಿಕಾ ದೋಷದ್ದಾಗಿದ್ದು, ನಿಮ್ಮ ಬಳಿ ವಾರಂಟಿ ಕಾಲದ ಜಾಬ್ ಶೀಟ್ ಇಲ್ಲದಿದ್ದರೆ ಇದನ್ನು ತಳ್ಳಿಹಾಕಬೇಡಿ, ಯೋಚಿಸಿ. ಒಪ್ಪಿಗೆ ಇಲ್ಲದ ಬಿಲ್ಲಿನ ದೂರಾದರೆ ಪೂರ್ತಿ ಹೆಚ್ಚುವರಿ ಮೊತ್ತಕ್ಕೆ ಪಟ್ಟು ಹಿಡಿಯಿರಿ. ಮುಂದಿನ ಸಲ ಬಳಸುವ ಕೂಪನ್ ಕೊಡುತ್ತೇವೆ ಎಂದರೆ ಬೇಡ ಎನ್ನಿ, ಅದೇ ಅಂಗಡಿಗೆ ಮತ್ತೆ ಯಾರು ಹೋಗುತ್ತಾರೆ?

ಒಪ್ಪುವುದಾದರೆ ಮೊತ್ತ, ಹಣ ಬರುವ ದಿನ, ಹೊಸ ಭಾಗಕ್ಕೆ ಎಷ್ಟು ದಿನದ ವಾರಂಟಿ ಎನ್ನುವುದನ್ನು ಕಂಪನಿಯ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕೆಲವು ಕಂಪನಿಗಳು ಹಾಕಿದ ಭಾಗಕ್ಕೆ 90 ದಿನ ಕೊಡುತ್ತವೆ. ಅದಕ್ಕಿಂತ ಕಡಿಮೆ ಹೇಳಿದರೆ ಯಾಕೆ ಎಂದು ಕೇಳಿ. "ಮೊದಲು 1915ರಲ್ಲಿ ದೂರು ಕ್ಲೋಸ್ ಮಾಡಿ ಸಾರ್, ನಾಳೆ ಹಣ ಹಾಕುತ್ತೇವೆ" ಎಂದರೆ ಒಪ್ಪಬೇಡಿ. ಹಣ ಖಾತೆಗೆ ಬಿದ್ದ ಮೆಸೇಜ್ ನೋಡಿಕೊಂಡೇ ಕ್ಲೋಸ್ ಮಾಡಿ.